ಆಲಿವ್ ಎಣ್ಣೆಯಲ್ಲಿ ಕಾಣದೆ ಹೋದ ಮುಖ

ನಮ್ಮ ಸೊಸೈಟಿಯಲ್ಲಿ ವರ್ಷಕ್ಕೊಂದು ಸಲವಾದರೂ ಸಾವು ಬಂದು ಯಾರದೋ ಬಾಗಿಲು ಬಡಿದು, "ತಪ್ಪಾತ್ರಿ, ಬ್ಯಾರೆ ಬಿಲ್ಡಿಂಗಿಗೆ ಹೋಗಬೇಕಿತ್ತು" ಅಂತ ತಿರುಗಿ ಹೋಗುತ್ತದೆ. ಅದರ ತಪ್ಪೂ ಅಲ್ಲ. ಪುಣೆಯಲ್ಲಿ ಈಗ ಬಿಲ್ಡಿಂಗುಗಳೆಲ್ಲ ಅವಳಿಜವಳಿ ಇದ್ದ ಹಾಗೆ ಇರುತ್ತವೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದು ಕಡಿಮೆ, ಕಿವಿ ಚುರುಕು. ನಮ್ಮ ಬಚ್ಚಲಮನೆಯ ಗಾಳಿಕಿಂಡಿಗೂ ಕೆಳಗಿನ ಮನೆಯ ಅಡಿಗೆಮನೆಗೂ ಒಂದೇ ಕೊಳವಿ. ನಾನು ಕದ್ದು ಕೇಳುವವಳಲ್ಲ. ಮಾತುಗಳೇ ಹೊಗೆಯ ಹಾಗೆ ಮೇಲೆ ಬರುತ್ತವೆ. ಬಂದವರನ್ನು ಹೊರಗೆ ಹಾಕಲಿಕ್ಕಾಗುತ್ತದೆಯೇ?

ಈ ಚಳಿಗಾಲದಲ್ಲಿ ಸಾವು ಬಡಿದದ್ದು ಆ ಕೆಳಗಿನ ಮನೆಯ ಬಾಗಿಲು. ಅಲ್ಲಿ ಇರೋದು ಮೂರೇ ಜನ. ಯಜಮಾನರು ನಮ್ಮ ಬೆಳಗಾವಿ ಕಡೆಯವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮಗ ಚಾಕಣದ ಕಾರಿನ ಕಾರಖಾನೆಯಲ್ಲಿ ಪಾಳಿ ಮಾಡುತ್ತಾನೆ. ಸೊಸೆ ಬೆಂಗಳೂರಿನ ಕಡೆಯವಳು, ಇಲ್ಲೇ ಖರಾಡಿಯ ಕಂಪನಿಯಲ್ಲಿ ಕೆಲಸ; ಅರ್ಧ ವಾರ ಆಫೀಸು, ಅರ್ಧ ವಾರ ಮನೆಯಲ್ಲಿ ಕಂಪ್ಯೂಟರಿನ ಜೊತೆ ಒಬ್ಬಳೇ ಮಾತಾಡುತ್ತಾಳೆ.

೧. ಮೂರು ಕೆಮ್ಮು

ಮಳೆಗಾಲದಲ್ಲಿ ಯಜಮಾನರ ಎದೆಗೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಬಂದ ದಿನವೇ ಸೊಸೆ ಮನೆಯಲ್ಲಿದ್ದ ಶೇಂಗಾ ಎಣ್ಣೆ, ಡಾಲ್ಡಾ ಎಲ್ಲ ಎತ್ತಿ ಕೆಲಸದವಳಿಗೆ ಕೊಟ್ಟು ಒಂದು ಕಡುಹಸಿರು ಬಾಟಲಿ ತಂದಿಟ್ಟಳು. ಆಲಿವ್ ಎಣ್ಣೆ. ನಮ್ಮ ಕಾಲದಲ್ಲಿ ಅದು ಔಷಧದ ಅಂಗಡಿಯಲ್ಲಿ ಬೆರಳುದ್ದದ ಶೀಶೆಯಲ್ಲಿ ಸಿಗುತ್ತಿತ್ತು, ಕೂಸಿನ ಮೈಗೆ ತಿಕ್ಕಲಿಕ್ಕೆ. ಇವಳು ಅದನ್ನು ಮಾವನ ಹೊಟ್ಟೆಗೆ ಹಾಕಲು ಹೊರಟಳು. ಅಡಿಗೆಗಷ್ಟೇ ಅಲ್ಲ, ದಿನಾ ಬೆಳಿಗ್ಗೆ ಏಳಕ್ಕೆ ಒಂದು ಚಮಚ ಹಸಿ ಎಣ್ಣೆ.

ಅವತ್ತಿನಿಂದ ಏಳು ಹೊಡೆಯಿತೆಂದರೆ ಗಾಳಿಕಿಂಡಿಯಿಂದ ಕೆಮ್ಮು ಏಳುತ್ತಿತ್ತು. ಖೊಳ್. ಖೊಳ್. ಖೊಳ್. ಲೆಕ್ಕಕ್ಕೆ ಸರಿಯಾಗಿ ಮೂರು. ಆಮೇಲೆ ಬಾವಿಯೊಳಗೆ ಕಲ್ಲು ಮುಳುಗಿದ ಮೇಲೆ ಇರುತ್ತದಲ್ಲ, ಅಂಥ ಮೌನ. ನಾನು ತಂಬಿಗೆ ಕೈಯಲ್ಲಿ ಹಿಡಿದು ಬಚ್ಚಲಲ್ಲಿ ನಿಂತು ನಾಲ್ಕನೆಯದಕ್ಕೆ ಕಾಯುತ್ತಿದ್ದೆ. ಬರುತ್ತಿರಲಿಲ್ಲ. ಸತ್ತರೋ ಬದುಕಿದರೋ ತಿಳಿಯಲು ಮರುದಿನ ಏಳರ ತನಕ ದಾರಿ ನೋಡಬೇಕು.

ಎಂಟು ದಿನಕ್ಕೆ ಯಜಮಾನರೇ ಮೇಲೆ ಬಂದರು. ಬಾಗಿಲು ಹಾಕಿ, ಮೆಲ್ಲಗೆ ಅಂದರು: "ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಸೊಸಿ ನನಗ ಏನೋ ಕುಡಸಾಕತ್ತಾಳ."

"ಏನೋ ಅಂದ್ರ?"

"ಎಣ್ಣಿ ಅಂತಾಳ. ಎಣ್ಣಿ ಎಲ್ಲೆರ ಖಾರ ಇರತದೇನ್ರಿ? ಗಂಟಲಾಗ ಬೆಂಕಿ ಹಚ್ಚಿಧಂಗ ಆಗತದ."

ಗುಳಿಗೆಯ ಖಾಲಿ ಶೀಶೆಯಲ್ಲಿ ಸ್ವಲ್ಪ ತಂದಿದ್ದರು. ನಾಲಿಗೆಗೆ ಹಚ್ಚಿಕೊಂಡೆ. ಮೊದಲು ಕೊಯ್ದ ಹುಲ್ಲಿನ ವಾಸನೆ. "ಏನೂ ಇಲ್ಲಲ್ರಿ ಅಣ್ಣಾರ" ಅನ್ನಬೇಕು, ಅಷ್ಟರಲ್ಲಿ ಯಾರೋ ಒಳಗಿನಿಂದ ಗಂಟಲಿಗೆ ಕೈ ಹಾಕಿದ ಹಾಗಾಯಿತು. ಖೊಳ್. ಖೊಳ್. ಖೊಳ್. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಯಾರ ಮುಂದೂ ಹೇಳಬೇಡ ಅಂದಿದ್ದರಲ್ಲ, ಅದಕ್ಕೆ ಎದುರು ಮನೆಯ ಮರಾಠಿ ಕಾಕೂ ಒಬ್ಬರಿಗೇ ಹೇಳಿದೆ. ಸಂಜೆಯ ಹೊತ್ತಿಗೆ ವಾಚ್‌ಮನ್ ನನಗೇ ಬಂದು ಹೇಳಿದ: "ಮೌಶಿ, ಗೊತ್ತಾತೇನ್ರಿ, ಒಂದನೇ ಮಾಳಿಗಿ ಸೊಸಿ ಮಾವಗ ವಿಷ ಹಾಕ್ತಾಳಂತ."

ಮರುದಿನ ಮೆಟ್ಟಿಲಲ್ಲಿ ಸೊಸೆ ಸಿಕ್ಕಳು. ಸುತ್ತು ಬಳಸಿ ಕೇಳಿದೆ: "ಏನವಾ, ನಿಮ್ಮ ಆ ಎಣ್ಣಿ ಗಂಟಲ ಹಿಡೀತದಂತಲ್ಲ?"

ಹುಡುಗಿ ಕುಣಿದೇಬಿಟ್ಟಳು. "ಕೆಮ್ಮು ಬಂತಾ ಆಂಟಿ? ಸೂಪರ್! ಒಳ್ಳೆ ಎಣ್ಣೆ ಅಂದ್ರೆ ಗಂಟಲಲ್ಲಿ ಚುರುಕ್ ಅನ್ನಬೇಕು. ಅದರಲ್ಲಿರೋ ಒಳ್ಳೆ ಅಂಶಾನೇ ಹಾಗೆ ಮಾಡೋದು, ಹಾರ್ಟಿಗೆ ಒಳ್ಳೇದು. ಕೆಮ್ಮು ಬರ್ಲಿಲ್ಲ ಅಂದ್ರೆ ಎಣ್ಣೆ ಹಳೇದು ಅಂತ."

"ಹಂಗಾರ ನಮ್ಮನಿಯವರು ನಲವತ್ತು ವರ್ಷ ಬೀಡಿ ಸೇದಿ ಕೆಮ್ಮಿದ್ರಲ್ಲವಾ," ಅಂದೆ, "ಅದೆಂಥಾ ಉತ್ತಮ ಮಾಲಿತ್ತೋ ಏನೋ!"

೨. ಹಸಿರು ಚಟ್ನಿ ಕರಿಯಾದದ್ದು

ವಿಷದ ಸುದ್ದಿ ಇನ್ನೂ ಬಿಸಿಯಿರುವಾಗಲೇ ಆಕೆ ನನಗೊಂದು, ಕಾಕೂಗೊಂದು ಬಾಟಲಿ ಹಸಿರು ಚಟ್ನಿ ಕೊಟ್ಟು ಹೋದಳು. ಪೆಸ್ಟೊ ಅಂತೆ. ಗ್ಯಾಲರಿಯ ಕುಂಡದಲ್ಲಿ ಆಕೆ ಬೆಳೆಸಿದ್ದ, ನಮ್ಮ ಕಾಮಕಸ್ತೂರಿಯ ವಿದೇಶಿ ತಂಗಿಯಂಥ ಗಿಡದ ಎಲೆ, ಬೆಳ್ಳುಳ್ಳಿ, ಅಕ್ರೋಟ, ಚೀಸು, ಮತ್ತೆ ಅದೇ ಎಣ್ಣೆ. ಮೆಣಸಿನಕಾಯಿ ಇಲ್ಲ, ಒಗ್ಗರಣೆ ಇಲ್ಲ. ಗಂಡ ಬಿಟ್ಟ ಚಟ್ನಿಯ ಹಾಗೆ ಬೋಳಾಗಿತ್ತು.

"ಏನನ್ನೂ ಬೇಯಿಸಿಲ್ಲ ಆಂಟಿ, ಸತ್ವ ಹಾಗೇ ಇರುತ್ತೆ. ಮಾವನ ಹಾರ್ಟಿಗೆ ಅಂತ ಮಾಡಿದ್ದು. ನೆನಪಿನ ಶಕ್ತಿಗೂ ಒಳ್ಳೇದಂತೆ."

"ನನ್ನ ನೆನಪು ಇನ್ನೂ ಹೆಚ್ಚಾದ್ರ ಈ ಸೊಸೈಟಿಯವರು ಮನಿ ಮಾರಿ ಹೋಗಬೇಕಾಗತದವಾ," ಅಂದೆ.

ಸುಳ್ಳು ಯಾಕೆ ಹೇಳಲಿ, ಖಾರಪುಡಿ ಉದುರಿಸಿಕೊಂಡು ಜೋಳದ ಭಕ್ರಿಗೆ ಹಚ್ಚಿದರೆ ರುಚಿಯಾಗಿತ್ತು. ವಿಷವೇ ಇದ್ದರೂ ಎರಡನೇ ಸಲ ಹಾಕಿಸಿಕೊಳ್ಳುವ ಹಾಗಿತ್ತು. ತಿಂದು ಮುಚ್ಚಳ ಹಾಕುವುದು ಮರೆತೆ. ಬೆಳಿಗ್ಗೆ ನೋಡುತ್ತೇನೆ, ಹಸಿರು ಚಟ್ನಿ ಮೇಲಿನಿಂದ ಕರ್ರಗಾಗಿತ್ತು. ಚಮಚದಿಂದ ಕೆದರಿದರೆ ಒಳಗೆ ಮತ್ತೆ ಹಸಿರು. ಯಾರೋ ಬಂದು ಮೇಲಷ್ಟೇ ಕರಿ ಕಂಬಳಿ ಹೊದಿಸಿ ಹೋದ ಹಾಗೆ. ತಿರುಗಿ ನೋಡಿದರೆ ಬಾಗಿಲಲ್ಲಿ ಕಾಕೂ, ಕೈಯಲ್ಲಿ ಅವರ ಬಾಟಲಿ. ಅದೂ ಕರಿ.

ನಮ್ಮ ಕಡೆ ಇದಕ್ಕೆ ಭಾನಾಮತಿ ಅನ್ನುತ್ತಾರೆ. ಕೀಲಿ ಹಾಕಿದ ಟ್ರಂಕಿನಲ್ಲಿ ಸೀರೆ ಸುಟ್ಟು ತೂತು ಬೀಳುತ್ತದೆ, ಬಡಿಸಿದ ಅನ್ನದಲ್ಲಿ ಬೂದಿ ಬರುತ್ತದೆ, ಮಾಡುವವರು ಯಾರೂ ಕಣ್ಣಿಗೆ ಕಾಣುವುದಿಲ್ಲ. ಕಾಕೂಗೆ ಇದನ್ನು ಮರಾಠಿಯಲ್ಲಿ ಬಿಡಿಸಿ ಹೇಳುವ ಕೆಲಸ ಬೀಳಲಿಲ್ಲ. "ಭಾನಾಮತಿ!" ಅಂತ ಅವರೇ ಮೊದಲು ಅಂದರು. ನಮ್ಮ ಎರಡು ರಾಜ್ಯಗಳ ನಡುವೆ ಗಡಿ ತಂಟೆ ಇಲ್ಲದ ವಸ್ತು ಅದೊಂದೇ.

ಇಬ್ಬರೂ ಬಾಗಿಲಿಗೆ ಲಿಂಬಿಕಾಯಿ, ಮೆಣಸಿನಕಾಯಿ ಕಟ್ಟಿದೆವು. ಮೇಲೆ ಬಂದ ಯಜಮಾನರು ಅದನ್ನು ನೋಡಿದರು, ಬಾಟಲಿ ನೋಡಿದರು, ತಮ್ಮ ಹೊಟ್ಟೆ ಸವರಿಕೊಂಡರು. "ಇಲ್ಲೂ ಹಿಂಗ ಆಗಿರಬೇಕಲ್ರಿ ಅಕ್ಕಾರ" ಅಂದವರೇ ಕೆಳಗಿಳಿದು ಹೋದರು.

ಸೊಸೆಗೆ ಬಾಟಲಿ ತೋರಿಸಿದರೆ ನಕ್ಕಳು. "ಗಾಳಿ ತಾಗಿದ್ರೆ ಎಲೆ ಕಪ್ಪಾಗುತ್ತೆ ಆಂಟಿ. ಮೇಲೊಂದು ಪದರ ಎಣ್ಣೆ ಹಾಕಿ ಮುಚ್ಚಿಡಿ, ಏನೂ ಆಗಲ್ಲ. ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗಲ್ವಾ?"

ಆಗುತ್ತದೆ. ಅರವತ್ತು ವರ್ಷದಿಂದ ನೋಡುತ್ತಿದ್ದೇನೆ. ಒಂದು ದಿನವೂ ನಾನು ಬದನೆಕಾಯಿಗೆ ದೃಷ್ಟಿ ತೆಗೆದವಳಲ್ಲ. ಬದನೆಕಾಯಿ ನಮ್ಮ ಮಂದಿ. ಅದರ ಮೇಲೆ ಸಂಶಯ ಯಾಕೆ ಬಂದೀತು?

೩. ಬಟ್ಟಲಲ್ಲಿ ಯಾರೂ ಇರಲಿಲ್ಲ

ಪುಣೆಯಲ್ಲಿ ಶನಿವಾರ ಬೆಳಿಗ್ಗೆ ಶನಿದೇವರು ಮನೆ ಬಾಗಿಲಿಗೇ ಬರುತ್ತಾರೆ. ಒಬ್ಬಾತ ತಗಡಿನ ಬಕೆಟ್ಟಿನಲ್ಲಿ ಕಬ್ಬಿಣದ ಶನಿಮೂರ್ತಿಯನ್ನು ಎಣ್ಣೆಯಲ್ಲಿ ಮುಳುಗಿಸಿಕೊಂಡು ಮೆಟ್ಟಿಲು ಹತ್ತುತ್ತಾನೆ. ನಾವು ಬಟ್ಟಲಲ್ಲಿ ಎಣ್ಣೆ ಹಾಕಿ, ಅದರಲ್ಲಿ ನಮ್ಮ ಮುಖ ನೋಡಿ, ಆ ಎಣ್ಣೆಯನ್ನು ಅವನ ಬಕೆಟ್ಟಿಗೆ ಸುರಿಯುತ್ತೇವೆ. ಮುಖದ ಜೊತೆ ನಮ್ಮ ಪೀಡೆಯೂ ಹೋಯಿತು ಅಂತ ಲೆಕ್ಕ. ಕೊರಿಯರಿನವನ ಹೆಸರು, ಊರು, ಮೊಬೈಲ್ ನಂಬರು ಎಲ್ಲ ಬರೆಸಿಕೊಳ್ಳುವ ವಾಚ್‌ಮನ್ ಇವನು ಬಂದರೆ ಮಾತ್ರ ಗೇಟು ತೆಗೆದು ಕೈಮುಗಿಯುತ್ತಾನೆ. ಶನಿಯ ಹೆಸರು ರಜಿಸ್ಟರಿನಲ್ಲಿ ಬರೆಯುವ ಎದೆ ಯಾರಿಗಿದೆ?

ಆದರೆ ಅದರಲ್ಲೊಂದು ಕೊಕ್ಕೆ ಇದೆ. ಎಣ್ಣೆಯಲ್ಲಿ ಯಾರಿಗೆ ತನ್ನ ಮುಖ ಕಾಣುವುದಿಲ್ಲವೋ ಅವನಿಗೆ ಹೆಚ್ಚು ದಿನ ಇಲ್ಲ ಅಂತ ಹಿರಿಯರು ಹೇಳುತ್ತಾರೆ.

ಎದೆಯ ಆಪರೇಷನ್ ಆದ ಮೇಲೆ ಯಜಮಾನರು ಒಂದು ಶನಿವಾರವೂ ತಪ್ಪಿಸಿರಲಿಲ್ಲ. ಡಿಸೆಂಬರಿನ ಆ ಶನಿವಾರ ಮಗ ಪಾಳಿಗೆ ಹೋಗಿದ್ದ, ಸೊಸೆ ರಜೆಯೆಂದು ಮಲಗಿದ್ದಳು. ನಾನು ಪೇಪರು ತರಲು ಇಳಿಯುತ್ತಿದ್ದೆ. ಯಜಮಾನರು ಕಂಚಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಎದುರಿಗೆ ಶನಿವಾರದವನು. ಯಜಮಾನರು ಬಗ್ಗಿ ನೋಡಿದರು. ಬೆಳಕಿಗೆ ತಿರುಗಿಸಿ ನೋಡಿದರು. ಕನ್ನಡಕ ಒರೆಸಿ ನೋಡಿದರು.

"ಅಕ್ಕಾರ," ಅಂದರು. ದನಿ ಅವರದಾಗಿರಲಿಲ್ಲ. "ನಾ ಇಲ್ರಿ ಇದರಾಗ."

ಶನಿವಾರದವನು "ದ್ಯಾ ಇಕಡೆ" ಅಂತ ಬಟ್ಟಲು ತನ್ನ ಕಡೆ ಎಳೆದು ತಾನೇ ಬಗ್ಗಿದ. ಅವನ ಮುಖವೂ ಇರಲಿಲ್ಲ. ನಾನು ಹೋಗಿ ಇಣುಕಿದೆ. ಬೆಳ್ಳಗೆ, ಮಬ್ಬಾಗಿ, ಪೊರೆ ಬಂದ ಕಣ್ಣಿನ ಹಾಗೆ ಎಣ್ಣೆ ನನ್ನನ್ನೇ ನೋಡುತ್ತಿತ್ತು. ನಾನು ಅದರಲ್ಲಿ ಇರಲಿಲ್ಲ.

ಮೆಟ್ಟಿಲ ಮೇಲೆ ಮೂರು ಜನ ನಿಂತಿದ್ದೆವು, ಮೂವರಿಗೂ ಮುಖ ಇರಲಿಲ್ಲ.

ಶನಿವಾರದವನ ಬಾಯಿಂದ ಒಂದು ಶಬ್ದ ಬಂತು, ಮನುಷ್ಯರದಲ್ಲ. ಬಕೆಟ್ಟು ಅಲ್ಲೇ ಕುಕ್ಕಿ ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಹೋದ. ಶನಿ ಹಿಡಿದರೆ ಏಳೂವರೆ ವರ್ಷ ಬಿಡುವುದಿಲ್ಲ ಅನ್ನುತ್ತಾರೆ. ಶನಿಯನ್ನೇ ಬಿಟ್ಟು ಓಡಿದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು.

೪. ಅಲ್ಲಿಗೆ ಹೋಗುವವರ ಕೈಯಲ್ಲಿ ಒಂದು ಮಾತು

ಯಜಮಾನರು ಬಟ್ಟಲು ಗ್ಯಾಲರಿಯ ಮೂಲೆಗಿಟ್ಟು, ಹೋಗಿ ಹಾಸಿಗೆಯ ಮೇಲೆ ಮಲಗಿದರು. ಕೈ ಎದೆಯ ಮೇಲೆ ಜೋಡಿಸಿಕೊಂಡು, ಸತ್ತವರು ಮಲಗುವ ಹಾಗೆ. ಊಟ ಬೇಡ. ಸೊಸೆ ಕೈಯಿಂದ ನೀರೂ ಬೇಡ. ಅದಕ್ಕಿಂತ ಕೆಟ್ಟದ್ದು, ಎದೆಯ ಗುಳಿಗೆ ಬೇಡ. ಒಂದು ದಿನವೂ ಬಿಡಬಾರದು ಅಂತ ಡಾಕ್ಟರು ಹೇಳಿಹೇಳಿ ಕಳಿಸಿದ್ದ ಗುಳಿಗೆ ಅದು.

"ಹೋಗೂದು ಖಾತ್ರಿ ಆದ ಮ್ಯಾಲ ಗುಳಗಿ ಯಾಕ ಕೆಡಸಬೇಕ್ರಿ?" ಅಂದರು.

ಬಟ್ಟಲಿನ ಸಂಗತಿ ಅವರು ಮಗ, ಸೊಸೆಗೆ ಹೇಳಲಿಲ್ಲ. ಹೇಳಿದರೆ ಮನೆಯವರಿಗೂ ತಗಲುತ್ತದೆ ಅಂತ ಅವರ ಹೆದರಿಕೆ. ನಾನು ಉಳಿದ ಎಲ್ಲರಿಗೂ ಹೇಳಿದೆ. ಹೇಳುವಾಗ ಕೆಮ್ಮು, ಕರಿ ಚಟ್ನಿ ಎರಡನ್ನೂ ಸೇರಿಸಿಯೇ ಹೇಳಿದೆ. ಕತೆ ಅಂದ ಮೇಲೆ ಒಗ್ಗರಣೆ ಬೇಡವೇ? ಎರಡು ದಿನದಲ್ಲಿ ಆ ಹುಡುಗಿ ಮೆಟ್ಟಿಲಿಳಿದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಆಕೆ ಡಾಕ್ಟರನ್ನು ಫೋನಿನಲ್ಲಿ ತೋರಿಸಿದಳು, ಕೈಮುಗಿದಳು, ಅತ್ತಳು. ಮಾವ ಹಲ್ಲು ಕಚ್ಚಿ ಮಲಗಿದವರು ಬಾಯಿ ತೆಗೆಯಲಿಲ್ಲ.

ಮುಖ ಇಲ್ಲದವಳು ನಾನೂ ತಾನೆ? ಆ ದಿನಗಳಲ್ಲಿ ಕಂಡ ಕಂಡ ಸ್ಟೀಲಿನ ಡಬ್ಬಿಯಲ್ಲಿ ಇಣುಕುತ್ತಿದ್ದೆ. ಇರುತ್ತಿದ್ದೆ. ಆದರೂ ಡಬ್ಬಿಯನ್ನು ನಂಬಲಿಕ್ಕೆ ಬರುತ್ತದೆಯೇ?

ನೋಡಲು ಬರುವ ಜನ ಶುರುವಾಯಿತು. ಕಾಕೂ ಬಂದು ಹಾಸಿಗೆಯ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಎಷ್ಟು ದುಃಖ ಪಡುತ್ತಾರಪ್ಪ ಅಂದುಕೊಂಡೆ. ಅವರು ಯಜಮಾನರ ಕಿವಿಯ ಹತ್ತಿರ ಬಗ್ಗಿದರು. ಅವರ ಯಜಮಾನರು, ನಮ್ಮ ಕಾಕಾ, ತೀರಿಕೊಂಡು ಆರು ವರ್ಷ.

"ಭಾವೋಜಿ, ತಿಕಡೆ ಹ್ಯಾಂಚೀ ಭೇಟ ಝಾಲೀ ತರ ಏವಢಂ ವಿಚಾರಾ," ಅಂದರು. ಅಲ್ಲಿ ನಮ್ಮವರು ಭೇಟಿಯಾದರೆ ಇಷ್ಟು ಕೇಳ್ರಿ: "ಗೋದ್ರೇಜ್ ಕಪಾಟಿನ ಕೀಲಿ ಎಲ್ಲಿಟ್ಟಾರಂತ?"

೫. ಮೊದಲು ಕಿವಿ ಬಂತು

ಮೂರನೇ ದಿನ, ಸೋಮವಾರ ಮಧ್ಯಾಹ್ನ, ಗಾಳಿಕಿಂಡಿಯಿಂದ ಮಗನ ದನಿ ಬಂತು. "ಸ್ವಲ್ಪ ದಿವಸ ನಿನ್ನ ತವರಿಗೆ ಹೋಗಿಬಾ. ನೀ ಇದ್ರ ಅಪ್ಪ ನೀರೂ ಕುಡ್ಯಾಂಗಿಲ್ಲ. ಮಂದಿನೂ ಏನೇನೋ ಮಾತಾಡಾಕತ್ತಾರ."

ಬಹಳ ಹೊತ್ತಿನ ಮೇಲೆ ಸೂಟ್‌ಕೇಸಿನ ಚೈನು ಎಳೆದ ಶಬ್ದ ಮೇಲೆ ಬಂತು. ಆ ಕಿಂಡಿಯಿಂದ ಎಷ್ಟೋ ಬೈಗುಳ, ಎಷ್ಟೋ ಅಳು ಹತ್ತಿ ಬಂದಿವೆ, ಎಲ್ಲ ಜೀರ್ಣಿಸಿಕೊಂಡಿದ್ದೇನೆ. ಆ ಚೈನಿನ ಶಬ್ದ ಮಾತ್ರ ಗಂಟಲಲ್ಲೇ ನಿಂತಿತು. ಆ ಮಂದಿ ಅಂದರೆ ನಾನೇ ಅಲ್ಲವೇ?

ಯಾರ ಬಗ್ಗೆ ಮಾತೋ ಅವರ ಮುಂದೆ ಆಡಬಾರದು ಅನ್ನೋದು ನನ್ನ ಜನ್ಮದ ನೇಮ. ಅವತ್ತು ಮುರಿದೆ. ಕೆಳಗೆ ಹೋಗಿ, ಬಟ್ಟಲಿನ ಸಂಗತಿ ಮೊದಲಿನಿಂದ ಕೊನೆಯ ತನಕ ಆಕೆಗೆ ಹೇಳಿದೆ.

ಆಕೆ ಕೇಳಿದ್ದು ಒಂದೇ: "ಯಾವ ಎಣ್ಣೆ ಹಾಕಿದ್ರು?"

ಹಾಸಿಗೆಯಿಂದಲೇ ಯಜಮಾನರು ಕಣ್ಣು ಮುಚ್ಚಿ ಉತ್ತರ ಕೊಟ್ಟರು. "ಎಳ್ಳೆಣ್ಣಿ ಮುಗದಿತ್ತು. ನಿನ್ನ ಹಸಿರ ಬಾಟಲಿದು. ನಸುಕಿನ್ಯಾಗ ಬಟ್ಟಲಕ ಹಾಕಿ, ಇರುವಿ ಬರತಾವಂತ ಫ್ರಿಜ್ಜಿನ್ಯಾಗ ಇಟ್ಟಿದ್ದೆ."

ಆಕೆ ಗ್ಯಾಲರಿಗೆ ಹೋಗಿ ಆ ಬಟ್ಟಲು ನೋಡಿದಳು. ಎಣ್ಣೆ ತಿಳಿಯಾಗಿತ್ತು. ಬಟ್ಟಲು ತಂದು ಫ್ರಿಜ್ಜಿನಲ್ಲಿಟ್ಟು, ನೆಲದ ಮೇಲೆ ಸೂಟ್‌ಕೇಸಿನ ಪಕ್ಕ ಕೂತಳು. ಮಗ, ನಾನು, ಅಷ್ಟರಲ್ಲಿ ನೋಡಲು ಬಂದ ಕಾಕೂ, ಎಲ್ಲರೂ ಫ್ರಿಜ್ಜಿನ ಬಾಗಿಲು ನೋಡುತ್ತ ಕೂತೆವು. ಫ್ರಿಜ್ಜು ಗುಂಯ್ ಅನ್ನುತ್ತಿತ್ತು, ಒಳಗೆ ಯಾರೋ ಉಸಿರಾಡುತ್ತಿರುವ ಹಾಗೆ. ಎರಡು ಮೂರು ತಾಸಿನ ಮೇಲೆ ತೆಗೆದಳು. ಬಟ್ಟಲಲ್ಲಿ ಮತ್ತೆ ಆ ಪೊರೆ ಬಂದ ಕಣ್ಣು.

"ನೋಡಿ ಮಾವ. ಈಗ ನಾನೂ ಇಲ್ಲ ಇದರಲ್ಲಿ."

ಬಟ್ಟಲನ್ನು ಬಿಸಿನೀರಿನ ತಾಟಿನಲ್ಲಿಟ್ಟು ಅವರ ಎದುರು ಹಿಡಿದಳು. ಮೊದಮೊದಲು ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಬಿಳುಪು ಕರಗಿತು. ಒಂದು ಕಿವಿ ಬಂತು. ಕೆರೆಯ ತಳದಿಂದ ಎದ್ದು ಬರುವವರ ಹಾಗೆ ಅರ್ಧ ಮೀಸೆ ಬಂತು, ಮೂಗು ಬಂತು. ಕಾಕೂ ನನ್ನ ಕೈ ಹಿಡಿದದ್ದು ಇನ್ನೂ ನೋಯುತ್ತದೆ. ಕೊನೆಗೆ ಎರಡು ಕಣ್ಣು ತೆರೆದವು, ಬಟ್ಟಲೊಳಗಿಂದ ಹೊರಗಿನವರನ್ನು ನೋಡಿದವು.

"ಚಳಿಗೆ ಗಟ್ಟಿಯಾಗಿತ್ತು ಅಷ್ಟೇ ಮಾವ. ಕೊಬ್ಬರಿ ಎಣ್ಣೆ ಆಗಲ್ವಾ?" ಅಂದಳು. "ಈ ಎಣ್ಣೆ ಒಳ್ಳೇದೇ, ಆದರೆ ಔಷಧಿ ಅಲ್ಲ. ಗುಳಿಗೆ ಬಿಡಬೇಡಿ. ನಾನು ಹೋದ ಮೇಲಾದ್ರೂ ತಗೊಳ್ಳಿ."

ಯಜಮಾನರು ಬಹಳ ಹೊತ್ತು ನೋಡಿದರು. "ಹಿಂದ ನೀನೂ ಕಾಣಸಾಕತ್ತಿಯವಾ," ಅಂದರು. "ಎಲ್ಲಿಗಿ ಹೊಂಟಿ? ಆ ಚೀಲ ಒಳಗಿಡು. ಗುಳಗಿ ಕೊಡು. ಆಮ್ಯಾಲ ಭಕ್ರಿ, ನಿನ್ನ ಆ ಹಸಿರ ಚಟ್ನಿ. ಈ ಸಲ ಒಗ್ಗರಣಿ ಹಾಕು."

ಮಗ ಹಿಂದೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ. ಡಾಕ್ಟರು ಎದೆಗೆ ಏನೂ ಆಗಿಲ್ಲ ಅಂದರಂತೆ, ಆದರೆ ಮುದುಕನಿಗೆ ಚೆನ್ನಾಗಿ ಬೈದರಂತೆ. ಬೇಸರವಾದದ್ದು ಕಾಕೂ ಒಬ್ಬರಿಗೇ. "ಅಷ್ಟು ಸನೇಕ ಹೋಗಿ ಬಂದ್ರು," ಅಂತ ಮೆಟ್ಟಿಲು ಹತ್ತುವಾಗ ಗೊಣಗಿದರು, "ಕೀಲಿ ಕೇಳಲಿಕ್ಕಾಗಲಿಲ್ಲ!"

೬. ಶನಿವಾರದವನ ಪಶ್ಚಾತ್ತಾಪ

ಮುಂದಿನ ಶನಿವಾರ ಅವನು ಬಂದ. ಸೊರಗಿ, ಗಡ್ಡ ಬಿಟ್ಟು, ಬರಿಗಾಲಲ್ಲಿ. ಬಾಗಿಲಲ್ಲೇ ಯಜಮಾನರ ಕಾಲು ಹಿಡಿದುಕೊಂಡ. ನಾವೆಲ್ಲ ಸುತ್ತ ನಿಂತೆವು.

"ಸಾಯೂಕಿಂತ ಮೊದಲು ಎಲ್ಲಾ ಹೇಳಿ ಹೋಗತೀನ್ರಿ," ಅಂತ ಮರಾಠಿಯಲ್ಲಿ ಅಳತೊಡಗಿದ.

ಸೊಸೆಗೆ ಪಾಪ ಅನ್ನಿಸಿತು. "ಅಯ್ಯೋ, ಅದು ಬರೀ ಚಳಿಗೆ..." ಅಂತ ಬಾಯಿ ತೆಗೆದಳು. ಯಜಮಾನರು ಆಕೆಯ ಕೈ ಒತ್ತಿದರು. "ತಡೀವಾ. ಮೊದಲು ಪೂರಾ ಹೇಳಲಿ."

ಹೇಳಿದ. ಶನಿವಾರ ಜನ ಬಕೆಟ್ಟಿಗೆ ಸುರಿದ ಎಣ್ಣೆ ಯಾವ ಗುಡಿಗೂ ಹೋಗುತ್ತಿರಲಿಲ್ಲವಂತೆ. ಬಟ್ಟೆಯಲ್ಲಿ ಸೋಸಿ, ಮಧ್ಯಾಹ್ನ ನಮ್ಮ ಗೇಟಿನ ಹೊರಗಿನ ಭಜಿ ಗಾಡಿಯವನಿಗೆ ಕೊಡುತ್ತಿದ್ದನಂತೆ. ಗಾಡಿಯವ ಇವನ ಷಡ್ಡಕನಂತೆ.

ಮೆಟ್ಟಿಲ ಮೇಲೆ ಗಾಳಿ ನಿಂತಿತು. ಬೆಳಿಗ್ಗೆ ನಮ್ಮ ಮುಖ, ನಮ್ಮ ಪೀಡೆ, ನಮ್ಮ ಏಳೂವರೆ ವರ್ಷದ ಕಾಟ ಎಲ್ಲ ಎಣ್ಣೆಯಲ್ಲಿ ಇಳಿಸಿ ಕೊಟ್ಟು, ಸಂಜೆ ಅದರಲ್ಲೇ ಕರಿದ ಮೆಣಸಿನಕಾಯಿ ಭಜಿ ತಿಂದು ವಾಪಸು ಒಳಗೆ ಹಾಕಿಕೊಳ್ಳುತ್ತಿದ್ದೆವು. ಅದೂ ಅವರವರದ್ದೇ ಅವರವರಿಗೆ ಸಿಕ್ಕಿತು ಅಂತ ಏನು ಗ್ಯಾರಂಟಿ?

"ಅದಕ್ಕೇ ಆಂಟಿ," ಅಂದಳು ಸೊಸೆ, ಮುಖ ಕಿವುಚಿಕೊಂಡು, "ಎಣ್ಣೆ ಎಲ್ಲಿಂದ ಬಂತು ಅಂತ ನೋಡಿ ತಿನ್ನಬೇಕು ಅಂತ ನಾನು ಹೇಳೋದು."

ಕಾಕೂ ಕೆನ್ನೆ ಮುಟ್ಟಿಕೊಂಡರು. "ಮಗ ಮಾಝಾ ಚೆಹರಾ ಕೋಣೀ ಖಾಲ್ಲಾ?" ಅಂದರು. ಹಂಗಾರ ನನ್ನ ಮುಖ ತಿಂದವರು ಯಾರು?

ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಶನಿವಾರ ಸಂಜೆ ಗಾಡಿಯಲ್ಲಿ ಮೊದಲು ಕರಿದು ತೆಗೆದ ಭಜಿಯ ತಾಟು ಯಾರದು ಅಂತ ಸೊಸೈಟಿಗೆಲ್ಲ ಗೊತ್ತು.

ಯಜಮಾನರು ನನ್ನ ಹೊಟ್ಟೆಯ ಕಡೆ ನೋಡಿ, ಗುಡಿಯಲ್ಲಿ ಮುಗಿಯುವ ಹಾಗೆ ಕೈಮುಗಿದರು.

"ಈಗ ತಿಳೀತು ನೋಡ್ರಿ ಅಕ್ಕಾರ," ಅಂದರು. "ಇಡೀ ಸೊಸೈಟಿ ಮಂದಿ ಮುಖ ನಿಮ್ಮ ಹೊಟ್ಟ್ಯಾಗ ಕುಂತಾವ. ಅದಕ್ಕ ಎಲ್ಲಾರ ಮನಿ ಸುದ್ದಿ ನಿಮ್ಮ ಬಾಯಾಗ ಬರತದ!"